ಹಾವರ್ತ್ ಪಾದ್ರಿಯ ಮನೆತನ ಹುಡುಕಿದ್ದು: ನನ್ನ ಅನುಭವ

ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಾವರ್ತ್ ಹಳ್ಳಿಗೆ ಬರುವವರೆಲ್ಲ ಹೆಚ್ಚುಕಡಿಮೆ ಮೂವರು ಅಕ್ಕತಂಗಿಯರಿಗಾಗಿ ಬರುತ್ತಾರೆ. ಹತ್ತೊಂಬತ್ತನೇ ಶತಮಾನದ ಕಾದಂಬರಿಗಾರ್ತಿಯರಾದ ಷಾರ್ಲೆಟ್, ಎಮಿಲಿ, ಆನ್ ಬ್ರಾಂಟೆ. ಅವರಿದ್ದ ಮನೆ ನೋಡುತ್ತಾರೆ, ಹಿಂದಿನ ಗುಡ್ಡ ಹತ್ತುತ್ತಾರೆ, ಹೊರಡುತ್ತಾರೆ. ನನ್ನ ಮನಸ್ಸು ನಿಂತದ್ದು ಅವರ ಅಪ್ಪನ ಮೇಲೆ. ಪ್ಯಾಟ್ರಿಕ್ ಬ್ರಾಂಟೆ 1820ರಲ್ಲಿ ಈ ಊರಿಗೆ ಪಾದ್ರಿಯಾಗಿ ಬಂದರು. 1861ರ ಜೂನ್ 7ರಂದು ಇಲ್ಲೇ ತೀರಿಕೊಂಡರು. ಆಗ ಅವರಿಗೆ 84 ವರ್ಷ. ಹೆಂಡತಿ ಮತ್ತು ಆರು ಮಕ್ಕಳು, ಎಲ್ಲರೂ ಅವರಿಗಿಂತ ಮೊದಲೇ ಹೋಗಿದ್ದರು.

ನಾನು ಕೆಲಸಕ್ಕೆಂದು ಬ್ರಾಡ್‌ಫರ್ಡ್ ಕಡೆ ಬಂದು ನೆಲೆಸಿದವನು. ಹಳೆಯ ಮನೆತನಗಳ ಬೇರು ಹುಡುಕುವುದು ಇಲ್ಲಿಗೆ ಬಂದ ಮೇಲೆ ಹತ್ತಿದ ಹವ್ಯಾಸ. ಪ್ಯಾಟ್ರಿಕ್ ಅವರನ್ನು ಕೈಗೆತ್ತಿಕೊಂಡಿದ್ದಕ್ಕೆ ಮಾತ್ರ ಒಂದು ಸಿಟ್ಟು ಕಾರಣ. ಷಾರ್ಲೆಟ್ ತೀರಿಕೊಂಡ ಮೇಲೆ ಅವಳ ಜೀವನಚರಿತ್ರೆ ಬರೆಯಿರಿ ಎಂದು ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಅವರನ್ನು ಕೇಳಿಕೊಂಡವರು ಈ ಅಪ್ಪನೇ. 1857ರಲ್ಲಿ ಬಂದ ಆ ಪುಸ್ತಕ ಅವರನ್ನೇ ಸಿಡುಕ, ವಿಚಿತ್ರ ಮನುಷ್ಯ ಅಂತ ತೋರಿಸಿತು. ಕೆಲವು ಕಥೆಗಳನ್ನು ಮುಂದಿನ ಆವೃತ್ತಿಯಲ್ಲಿ ಕೈಬಿಟ್ಟರು. ಆದರೆ ಅಂಟಿದ ಹೆಸರು ಅಂಟಿಯೇ ಉಳಿಯಿತು. ಹಾಗಾಗಿ ಈ ಮನುಷ್ಯನ ಬಗ್ಗೆ ಬೇರೆಯವರು ಬರೆದದ್ದನ್ನು ಸದ್ಯಕ್ಕೆ ಓದುವುದು ಬೇಡ, ಅವರು ಊರಿಗಾಗಿ ಬರೆದಿಟ್ಟಿದ್ದನ್ನು ಮೊದಲು ಓದೋಣ ಅಂತ ನಿರ್ಧರಿಸಿದೆ. ಹಳ್ಳಿಯ ಪಾದ್ರಿ ಅಂದರೆ ನಮ್ಮ ಶಾನುಭೋಗರ ಹಾಗೆ. ಊರಿನವರ ಲೆಕ್ಕವೆಲ್ಲ ಅವರ ಕೈಬರಹದಲ್ಲೇ ಇರುತ್ತದೆ.

ಇಂಗ್ಲೆಂಡಿನ ಚರ್ಚುಗಳಲ್ಲಿ 1813ರಿಂದ ಅಚ್ಚು ಹಾಕಿದ ರಿಜಿಸ್ಟರ್‌ಗಳು ಬಂದವು. ದೀಕ್ಷಾಸ್ನಾನಕ್ಕೆ ಒಂದು, ಮಣ್ಣು ಮಾಡಿದ್ದಕ್ಕೆ ಒಂದು. ಪುಟಕ್ಕೆ ಎಂಟು ದಾಖಲೆ. ದೀಕ್ಷಾಸ್ನಾನದ ಪುಟದಲ್ಲಿ ಅಪ್ಪ ಅಮ್ಮನ ಹೆಸರು, ಊರು, ಅಪ್ಪನ ಕಸುಬು ಇರುತ್ತದೆ. ಸಾವಿನ ಪುಟದಲ್ಲಿ ಹೆಸರು, ಊರು, ವಯಸ್ಸು. ಎರಡರಲ್ಲೂ ಕೊನೆಯ ಕಲಂ ವಿಧಿ ನಡೆಸಿದವರ ಸಹಿ. ವೆಸ್ಟ್ ಯಾರ್ಕ್‌ಶೈರ್‌ನ ಈ ಪುಟಗಳ ಚಿತ್ರಗಳು ಈಗ ಆನ್‌ಲೈನಲ್ಲೇ ಸಿಗುತ್ತವೆ. ಸೂಚಿಯಲ್ಲಿ ಹೆಸರು ಹುಡುಕಿ ಅಲ್ಲಿಗೇ ನಿಲ್ಲಬೇಡಿ. ಚಿತ್ರ ತೆರೆದು ಇಡೀ ಪುಟ ಓದಿ, ಹಿಂದಿನದನ್ನೂ ಮುಂದಿನದನ್ನೂ ಓದಿ. ಸೂಚಿ ಮಾಡಿದವರು ಆ ಕೊನೆಯ ಕಲಮನ್ನು ಸೇರಿಸಿರುವುದಿಲ್ಲ. ಪಾದ್ರಿಯನ್ನು ಹುಡುಕುವವರಿಗೆ ಅದೇ ಅಲ್ವಾ ಬೇಕಾಗಿದ್ದು?

ಮದುವೆಯ ದಾಖಲೆಯಿಂದ ಶುರು ಮಾಡಿದೆ. 1812ರ ಡಿಸೆಂಬರ್ 29, ಗೈಸ್ಲಿ ಊರಿನ ಚರ್ಚು. ಅವತ್ತು ಅಲ್ಲಿ ಎರಡು ಮದುವೆ. ಪ್ಯಾಟ್ರಿಕ್ ಮತ್ತು ಮರಿಯಾ ಬ್ರಾನ್‌ವೆಲ್ ಮದುವೆಯನ್ನು ನಡೆಸಿಕೊಟ್ಟವರು ಗೆಳೆಯ, ಪಾದ್ರಿ ವಿಲಿಯಂ ಮಾರ್ಗನ್. ಮಾರ್ಗನ್ ಮತ್ತು ಜೇನ್ ಫೆನೆಲ್ ಮದುವೆಯನ್ನು ನಡೆಸಿಕೊಟ್ಟವರು ಪ್ಯಾಟ್ರಿಕ್. ಮರಿಯಾ, ಜೇನ್ ಇಬ್ಬರೂ ಸಂಬಂಧದಲ್ಲಿ ಅಕ್ಕತಂಗಿಯರು. ಅದೇ ದಿನ ಇಂಗ್ಲೆಂಡಿನ ಆ ಕೊನೆಯಲ್ಲಿ, ಕಾರ್ನ್‌ವಾಲ್‌ನಲ್ಲಿ, ಮರಿಯಾಳ ಒಡಹುಟ್ಟಿದ ತಂಗಿ ಷಾರ್ಲೆಟ್‌ಗೂ ಮದುವೆ. ಅವಳ ಗಂಡ ಜೋಸೆಫ್ ಬ್ರಾನ್‌ವೆಲ್ ಕೂಡ ಸಂಬಂಧಿಕ. ಅಂದರೆ ದೂರ ದೂರದ ಎರಡು ಚರ್ಚುಗಳ ಪುಟಗಳನ್ನು ಪಕ್ಕಪಕ್ಕ ಇಟ್ಟಾಗಲೇ ಆ ಕುಟುಂಬ ಪೂರ್ತಿ ಕಾಣುತ್ತದೆ. ಮೊದಲ ಹೆಣ್ಣುಮಗುವಿಗೆ ಅಮ್ಮನ ಹೆಸರು, ಎರಡನೆಯದಕ್ಕೆ ದೊಡ್ಡಮ್ಮ ಎಲಿಜಬೆತ್‌ಳ ಹೆಸರು, ಮೂರನೆಯದಕ್ಕೆ ಈ ಚಿಕ್ಕಮ್ಮ ಷಾರ್ಲೆಟ್‌ಳ ಹೆಸರು. ಗಂಡುಮಗುವಿಗೆ ಪ್ಯಾಟ್ರಿಕ್ ಬ್ರಾನ್‌ವೆಲ್ ಅಂತ, ಅಪ್ಪನದೂ ಅಮ್ಮನ ಮನೆತನದ್ದೂ ಸೇರಿಸಿ. ಮಕ್ಕಳ ಹೆಸರುಗಳೇ ಅರ್ಧ ವಂಶಾವಳಿ ಹೇಳಿಬಿಡುತ್ತವೆ.

ಮರಿಯಾ 1821ರ ಸೆಪ್ಟೆಂಬರ್ 15ರಂದು ತೀರಿಕೊಂಡರು. ಹಿರಿಯ ಮಗಳಿಗೆ ಏಳು ವರ್ಷ, ಕಿರಿಯವಳಿಗೆ ಎರಡೂ ತುಂಬಿರಲಿಲ್ಲ. ಆ ದೊಡ್ಡಮ್ಮ ಎಲಿಜಬೆತ್ ಮಕ್ಕಳನ್ನು ನೋಡಿಕೊಳ್ಳಲು ಕಾರ್ನ್‌ವಾಲ್‌ನ ಪೆನ್ಜಾನ್ಸ್‌ನಿಂದ ಬಂದವರು 1842ರಲ್ಲಿ ಸಾಯುವವರೆಗೂ ಹಾವರ್ತ್‌ನಲ್ಲೇ ಇದ್ದರು. 1825ರಲ್ಲಿ ಹಿರಿಯ ಹುಡುಗಿಯರಿಬ್ಬರೂ ವಸತಿ ಶಾಲೆಯಿಂದ ಕಾಯಿಲೆ ಹಿಡಿದು ಮನೆಗೆ ಬಂದು, ಒಂದೂವರೆ ತಿಂಗಳ ಒಳಗೆ ಒಬ್ಬರ ಹಿಂದೆ ಒಬ್ಬರು ಹೋದರು.

ನನ್ನನ್ನು ಅಲ್ಲಾಡಿಸಿದ್ದು ಹಾವರ್ತ್‌ನ ಸಾವಿನ ರಿಜಿಸ್ಟರ್. ವಯಸ್ಸಿನ ಕಲಂ ಮೇಲೆ ಬೆರಳಿಟ್ಟು ಕೆಳಗೆ ಇಳಿದರೆ ಸಾಕು. ಎಳೆ ಕೂಸುಗಳು, ಮತ್ತೆ ಎಳೆ ಕೂಸುಗಳು, ನಡುವೆ ಒಬ್ಬ ಬಾಣಂತಿ ವಯಸ್ಸಿನ ಹೆಣ್ಣು. ನಾನು ಒಂದೊಂದನ್ನೂ ಎಕ್ಸೆಲ್ ಹಾಳೆಗೆ ಇಳಿಸಿದೆ: ತಾರೀಖು, ವಯಸ್ಸು, ಕೇರಿ, ಸಹಿ. ಇದು ನಿಧಾನದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಆಮೇಲೆ ಬ್ಯಾಬೇಜ್ ವರದಿ ಓದಿದೆ. ಊರಿಗೆ ಶುದ್ಧ ನೀರು ಬೇಕು ಎಂದು ಪ್ಯಾಟ್ರಿಕ್ ಲಂಡನ್ನಿನ ಆರೋಗ್ಯ ಮಂಡಳಿಗೆ ಮನವಿ ಮೇಲೆ ಮನವಿ ಕಳಿಸಿದ್ದರ ಫಲ ಅದು. ಮಂಡಳಿಯ ಇನ್‌ಸ್ಪೆಕ್ಟರ್ ಬೆಂಜಮಿನ್ ಹರ್ಷಲ್ ಬ್ಯಾಬೇಜ್ 1850ರಲ್ಲಿ ಬಂದು ಊರು ಪೂರ್ತಿ ಪರಿಶೀಲಿಸಿದರು. ಒಳಚರಂಡಿ ಇಲ್ಲ. ಶೌಚಾಲಯಗಳು ಸಾಲದು. ಸಮಾಧಿಗಳು ಕಿಕ್ಕಿರಿದು, ಅಲ್ಲಿನ ಕೊಳಕು ನೀರಿಗೆ ಸೇರುವ ಅಪಾಯ. ಸತ್ತವರ ಸರಾಸರಿ ವಯಸ್ಸು 25.8 ವರ್ಷ. ಶೇಕಡಾ 41.6 ಮಂದಿ ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು.

ಆ ಅಂಕಿಗಳನ್ನು ಪುಸ್ತಕಗಳಲ್ಲಿ ಮೊದಲೇ ನೋಡಿದ್ದೆ. ರಿಜಿಸ್ಟರ್ ಓದಿದ ಮೇಲೆ ಅವು ಬೇರೆಯಾಗಿ ಕಂಡವು. ಆ ಮಕ್ಕಳಲ್ಲಿ ಎಷ್ಟೋ ಮಂದಿಯನ್ನು ಸ್ವತಃ ಮಣ್ಣು ಮಾಡಿ ಸಹಿ ಹಾಕಿದವರು ಇವರು. ಅದೇ ಕೈ ಮನವಿಯನ್ನೂ ಬರೆಯಿತು. 73ನೇ ವಯಸ್ಸಿನಲ್ಲಿ, ಮಕ್ಕಳಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಕಳೆದುಕೊಂಡ ಮೇಲೂ ಊರಿನ ನೀರಿಗಾಗಿ ಹಟ ಹಿಡಿದವರನ್ನು ಬರೀ ಸಿಡುಕ ಅನ್ನುವುದು ಅನ್ಯಾಯ.

ಸಹಿಯ ಕಲಂ ಇನ್ನೊಂದು ಕಥೆಯನ್ನೂ ಹೇಳುತ್ತದೆ. 1845ರಿಂದ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್ ಅವರ ಹೆಸರು ಜಾಸ್ತಿಯಾಗುತ್ತದೆ. ಪ್ಯಾಟ್ರಿಕ್‌ಗೆ ಆಗ ಪೊರೆ ಬಂದು ಕಣ್ಣು ಮಂಜಾಗಿತ್ತು. 1846ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಅರಿವಳಿಕೆ ಇಲ್ಲದೆ. ದೃಷ್ಟಿ ಮರಳಿತು. ಇದೇ ನಿಕೋಲ್ಸ್ 1854ರಲ್ಲಿ ಷಾರ್ಲೆಟ್‌ಳನ್ನು ಮದುವೆಯಾದರು. ಮುಂದಿನ ಮಾರ್ಚ್‌ನಲ್ಲಿ ಅವಳೂ ತೀರಿಕೊಂಡಳು.

ಸಮಾಧಿ ಕಲ್ಲನ್ನು ಮಾತ್ರ ಸುಮ್ನೆ ನಂಬಬೇಡಿ. ಆನ್‌ಳ ಸಮಾಧಿ ಸ್ಕಾರ್ಬರೋದಲ್ಲಿದೆ, ಹಾವರ್ತ್‌ನಲ್ಲಿ ಅಲ್ಲ. ಅವಳು ಹುಟ್ಟಿದ್ದು 1820ರ ಜನವರಿ 17, ಸತ್ತಿದ್ದು 1849ರ ಮೇ 28. ಲೆಕ್ಕ ಹಾಕಿದರೆ 29 ವರ್ಷ. ಕಲ್ಲಿನ ಮೇಲೆ ಕೆತ್ತಿದ್ದು 28.

ಎಲ್ಲಕ್ಕಿಂತ ಕಷ್ಟದ ಭಾಗ ಐರ್ಲೆಂಡ್. ಪ್ಯಾಟ್ರಿಕ್ ಹುಟ್ಟಿದ್ದು 1777ರ ಮಾರ್ಚ್ 17ರಂದು, ಕೌಂಟಿ ಡೌನ್‌ನಲ್ಲಿ, ಬಡ ಕೂಲಿಗಾರ ಹ್ಯೂ ಬ್ರಂಟಿಯ ಹತ್ತು ಮಕ್ಕಳಲ್ಲಿ ಹಿರಿಯರಾಗಿ. ಹುಡುಗನಾಗಿದ್ದಾಗ ಕಮ್ಮಾರನ ಹತ್ತಿರ ದುಡಿದರು, ಮಗ್ಗದಲ್ಲಿ ಕೂತರು, ಹದಿಹರೆಯದಲ್ಲೇ ಮೇಷ್ಟ್ರಾದರು. ಪಾದ್ರಿ ಥಾಮಸ್ ಟೈ ಅವರ ನೆರವಿನಿಂದ 1802ರಲ್ಲಿ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದರು. ಅಲ್ಲಿನ ದಾಖಲೆಯಲ್ಲಿ ಮೊದಲು ಬ್ರಾಂಟಿ ಅಂತ ಬರೆದಿದ್ದನ್ನು ಎರಡೇ ದಿನದಲ್ಲಿ ಬ್ರಾಂಟೆ ಅಂತ ಬದಲಾಯಿಸಿದ್ದಾರೆ. ಹಾಗಾಗಿ ಹೆಸರನ್ನು ಒಂದೇ ಕಾಗುಣಿತದಲ್ಲಿ ಹುಡುಕಿದರೆ ಐರ್ಲೆಂಡಿನಲ್ಲಿ ಯಾರೂ ಸಿಗುವುದಿಲ್ಲ. ಅಲ್ಲಿ 1922ರಲ್ಲಿ ಡಬ್ಲಿನ್‌ನ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟುಹೋದಾಗ ಎಷ್ಟೋ ಚರ್ಚುಗಳ ರಿಜಿಸ್ಟರ್‌ಗಳೂ ಹೋದವು. ಪ್ಯಾಟ್ರಿಕ್ ಮನೆಯವರ ಕಡೆಯ ಡ್ರಂಬಲಿರೋನಿ ಚರ್ಚಿನದು ಉಳಿದಿದೆ. ಆದರೆ ಅದು ಶುರುವಾಗುವುದೇ ಪ್ಯಾಟ್ರಿಕ್ ಹುಟ್ಟಿದ ಮೇಲೆ. ತಮ್ಮಂದಿರು ತಂಗಿಯರು ಸಿಗುತ್ತಾರೆ, ಅಣ್ಣ ಸಿಗುವುದಿಲ್ಲ.

ಇಂಥ ಕಡೆ ಉಯಿಲು ಕೈ ಹಿಡಿಯುತ್ತದೆ. ಪ್ಯಾಟ್ರಿಕ್ ತಮ್ಮ ಉಯಿಲಿನಲ್ಲಿ ಐರ್ಲೆಂಡಿನ ಒಡಹುಟ್ಟಿದವರಿಗೆ 40 ಪೌಂಡ್ ಹಂಚಲು ಹೇಳಿದರು. ಮನೆಗೆಲಸದ ಮಾರ್ಥಾ ಬ್ರೌನ್‌ಗೆ 30 ಪೌಂಡ್. ಉಳಿದದ್ದು ಅಳಿಯ ನಿಕೋಲ್ಸ್‌ಗೆ. ಊರು ಬಿಟ್ಟು ಅರ್ಧ ಶತಮಾನವಾದರೂ ಆ ಮನೆಯನ್ನು ಮರೆತಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಿಲ್ಲ.

ಆರು ಮಕ್ಕಳಿಗೂ ಸಂತಾನವಿಲ್ಲ. ಆದ್ದರಿಂದ ಈ ವಂಶಾವಳಿಯನ್ನು ಕೆಳಗೆ ಎಳೆಯಲಾಗದು, ಪಕ್ಕಕ್ಕೆ ಎಳೆಯಬೇಕು. ಪ್ಯಾಟ್ರಿಕ್ ಅವರ ತಂಗಿ ಸಾರಾಳ ಮಗಳು ರೋಸ್ ಆನ್ ಹೆಸ್ಲಿಪ್ ಮುಂದೆ ಯಾರ್ಕ್‌ಶೈರ್‌ಗೇ ಬಂದು ನೆಲೆಸಿದರು. ನಾನೀಗ ಜನಗಣತಿಯ ಹಾಳೆಗಳಲ್ಲಿ ಅವರ ಮನೆಯವರನ್ನು ಹುಡುಕುತ್ತಿದ್ದೇನೆ.