ಚಳಿಲೋಕದ ಜೀವಿಯನ್ನು ಕಟ್ಟುವುದು ಹೇಗೆ? ಮೊದಲು ತುಪ್ಪಳ ಕಳಚಿ

ವಿಜ್ಞಾನ ಕಥೆ ಬರೆಯುವ ಗೆಳೆಯರು ಓದಲು ಕೊಡುತ್ತಾರೆ. ಚಳಿಗ್ರಹ ಅಂದರೆ ಸಾಕು, ಜೀವಿಗೆ ಮೈತುಂಬ ತುಪ್ಪಳ. ತುಪ್ಪಳ ಬಿಸಿ ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಮೈಯೊಳಗೂ ಮೈನಸ್ 179 ಡಿಗ್ರಿ ಇದ್ದರೆ ಹಿಡಿದಿಡುವುದು ಏನನ್ನು? ಚಿತ್ರ ಬರೆದುಕೊಡುವ ಆ್ಯಪ್‌ಗಳನ್ನಂತೂ ಮುಟ್ಟಲೇಬೇಡಿ. ಧ್ರುವಕರಡಿಗೆ ಮೂರನೇ ಕಣ್ಣು ಅಂಟಿಸಿ ಕೊಡುತ್ತವೆ.

ಹಂತ 1: ಜಾಗ. ಆ ಮೈನಸ್ 179 ಡಿಗ್ರಿ ಇರುವ, ಶನಿಯ ಉಪಗ್ರಹ ಟೈಟನ್ ಆರಿಸಿಕೊಳ್ಳಿ, ಬೇರೆ ಯೋಚನೆ ಬೇಡ. ಗುರುವಿನ ಉಪಗ್ರಹ ಯುರೋಪಾ, ಶನಿಯದೇ ಇನ್ನೊಂದು ಉಪಗ್ರಹ ಎನ್ಸೆಲಾಡಸ್‌ನಲ್ಲಿ ಮಂಜುಗಡ್ಡೆಯ ಕೆಳಗೆ ನೀರೇ ಇದೆ. ಅದರಲ್ಲಿ ಹೊಸತೇನು?

ಹಂತ 2: ದ್ರವ. ಟೈಟನ್‌ನಲ್ಲಿ ನೀರು ಕಲ್ಲಾಗಿರುತ್ತದೆ. ಕೆರೆಗಳಲ್ಲಿರುವುದು ಮೀಥೇನ್ ಮತ್ತು ಈಥೇನ್. ಅದೇ ನಿಮ್ಮ ಜೀವಿಯ ರಕ್ತ.

ಹಂತ 3: ಪೊರೆ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಜೀವಕೋಶದ ಪೊರೆ ಅಂದರೆ ಕೊಬ್ಬಿನ ಅಣುಗಳ ಎರಡು ಸಾಲು. ನೀರು ಬಯಸುವ ತಲೆಗಳು ಹೊರಕ್ಕೆ, ನೀರಿಗೆ ಆಗಿಬರದ ಉದ್ದ ಬಾಲಗಳು ಒಳಕ್ಕೆ. ಮೀಥೇನ್‌ನಲ್ಲಿ ಇದು ತಿರುಗುಮುರುಗಾಗಬೇಕು. ಹಾಗಂತ ಸುಮ್ನೆ ಮಗುಚಿದರೆ ಸಾಲದು. ಆ ಚಳಿಗೆ ಉದ್ದ ಬಾಲಗಳು ಮೇಣದ ಹಾಗೆ ಸೆಟೆದುಕೊಳ್ಳುತ್ತವೆ. ಪೊರೆ ಬಾಗಬೇಕು, ಬಿರುಕು ಬಿಡಬಾರದು. ಅದಕ್ಕೆ ಗಿಡ್ಡ ಅಣುವೇ ಬೇಕು. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಅಕ್ರಿಲೊನೈಟ್ರೈಲ್ ಅಣುವಿನಿಂದ ಕಂಪ್ಯೂಟರ್‌ನಲ್ಲಿ ಅಂಥ ಪೊರೆ ಕಟ್ಟಿ ನೋಡಿದರು. ನೈಟ್ರೋಜನ್ ತುದಿಗಳು ಒಳಗೆ ಒಂದಕ್ಕೊಂದು ಹೆಣೆದುಕೊಂಡವು, ಪೊರೆ ನಮ್ಮದರಷ್ಟೇ ಚೆನ್ನಾಗಿ ಬಾಗಿತು. 2017ರಲ್ಲಿ ಚಿಲಿಯ ಆಲ್ಮಾ ದೂರದರ್ಶಕಕ್ಕೆ ಆ ಅಣು ಟೈಟನ್‌ನ ಗಾಳಿಯಲ್ಲೇ ಸಿಕ್ಕಿತು. ಕುಣಿದಾಡಬೇಡಿ. 2020ರ ಲೆಕ್ಕದ ಪ್ರಕಾರ ಆ ಅಣುಗಳಿಗೆ ಪೊರೆಯಾಗುವುದಕ್ಕಿಂತ ಹರಳುಗಟ್ಟಿ ಕೂರುವುದೇ ಸಲೀಸು. ನಾನಾದರೆ ಪೊರೆಯನ್ನೇ ಬಿಟ್ಟು, ಬಂಡೆಗೆ ಅಂಟಿದ ಪದರದಂಥ ಜೀವಿ ಮಾಡುತ್ತೇನೆ. ಅಷ್ಟು ಚಳಿಯಲ್ಲಿ ದೊಡ್ಡ ಅಣುಗಳು ಕರಗಿ ತೇಲಿಹೋಗುವ ಭಯವೇ ಇಲ್ಲ, ಅಲ್ವಾ?

ಹಂತ 4: ಊಟ. ಅಸಿಟಿಲೀನ್ ತಿನ್ನಲಿ, ಹೈಡ್ರೋಜನ್ ಎಳೆದುಕೊಳ್ಳಲಿ, ಮೀಥೇನ್ ಬಿಡಲಿ.

ಹಂತ 5: ವೇಗ. ಓಡಿಸಬೇಡಿ. ಪ್ರತಿ 10 ಡಿಗ್ರಿ ಇಳಿದಾಗ ರಾಸಾಯನಿಕ ಕ್ರಿಯೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಒರಟು ಲೆಕ್ಕ. ನಮ್ಮ 20 ಡಿಗ್ರಿಯಿಂದ ಅಲ್ಲಿಗೆ ಬಂದರೆ ಇಪ್ಪತ್ತು ಸಲ ಅರ್ಧ, ಅಂದರೆ ಹತ್ತು ಲಕ್ಷ ಪಟ್ಟು ನಿಧಾನ. ನಮ್ಮ ಒಂದು ಸೆಕೆಂಡಿನ ಕೆಲಸಕ್ಕೆ ಅದಕ್ಕೆ ಹನ್ನೊಂದೂವರೆ ದಿನ ಬೇಕು. 2005ರ ಜನವರಿ 14ರಂದು ಹೈಗನ್ಸ್ ನೌಕೆ ಟೈಟನ್ ಮೇಲಿಳಿದು 72 ನಿಮಿಷ ಸಂದೇಶ ಕಳಿಸಿತು. ಪಕ್ಕದಲ್ಲೇ ಅಂಥದ್ದೊಂದು ಜೀವಿ ಕೂತಿದ್ದರೂ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ನೌಕೆಯ ಮಾತು ಮುಗಿದಿರುತ್ತಿತ್ತು.