ಅಪಾರ್ಟ್‌ಮೆಂಟಿನಲ್ಲಿ ಧೂಮಪಾನಕ್ಕೆ ಕಡಿವಾಣ: ಸಂಘದ ನಿಯಮ ರೂಪಿಸುವ ಬಗೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೆಳಮನೆಯವರು ಬಾಲ್ಕನಿಯಲ್ಲಿ ಸೇದಿದ ಸಿಗರೇಟಿನ ಹೊಗೆ ಮೇಲ್ಮನೆಯ ಮಗು ಮಲಗುವ ಕೋಣೆಗೆ ನುಗ್ಗುವುದು ದಿನನಿತ್ಯದ ದೂರು. ಹೀಗೆ ಬೇರೆಯವರ ಹೊಗೆಯನ್ನು ಉಸಿರಾಡುವುದರಲ್ಲಿ ಇಷ್ಟಾದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 2006ರಲ್ಲೇ ಹೇಳಿದೆ. ಆದ್ದರಿಂದ ಇದನ್ನು ನೆರೆಹೊರೆಯ ಸಣ್ಣ ಮನಸ್ತಾಪವೆಂದು ತಳ್ಳಿಹಾಕದೆ, ಸಂಘದ ಮೂಲಕ ಕ್ರಮಬದ್ಧವಾಗಿ ಪರಿಹರಿಸಿಕೊಳ್ಳಬೇಕು.

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕೋಟ್ಪಾ ಎಂದೇ ಪರಿಚಿತವಾದ 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಕೆಲಸದ ಸ್ಥಳಗಳನ್ನೂ ಅದರಲ್ಲಿ ಸೇರಿಸಿವೆ. 200 ರೂಪಾಯಿ ಇದ್ದ ದಂಡವನ್ನು ಕರ್ನಾಟಕದ ತಿದ್ದುಪಡಿ 1,000 ರೂಪಾಯಿಗೆ ಏರಿಸಿದ್ದು, ಅದಕ್ಕೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಲಾಬಿ, ಲಿಫ್ಟ್, ಮೆಟ್ಟಿಲು, ಕ್ಲಬ್‌ಹೌಸ್‌ಗಳಿಗೆ ಅತಿಥಿಗಳು, ಡೆಲಿವರಿಯವರು, ಮನೆಗೆಲಸದವರು ಬಂದುಹೋಗುತ್ತಾರೆ; ಸಂಘದ ಕಚೇರಿ ಮತ್ತು ಸೆಕ್ಯೂರಿಟಿ ಕೊಠಡಿಗಳಂತೂ ಕೆಲವರ ಕೆಲಸದ ಜಾಗಗಳೇ. ಇವುಗಳ ಮಟ್ಟಿಗೆ ಕಾಯ್ದೆಯ ಆಸರೆ ಪಡೆಯಲು ಗಟ್ಟಿ ಆಧಾರವಿದೆ. ಆದರೆ ಫ್ಲಾಟಿನ ಬಾಗಿಲು ದಾಟಿದ ಮೇಲೆ ಆ ಕಾಯ್ದೆ ಕೆಲಸಕ್ಕೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಬೆಲ್ಮಾಂಟ್ ನಗರದಲ್ಲಿ, ಬೇರೊಂದು ಮನೆಯೊಂದಿಗೆ ನೆಲವನ್ನೋ ಚಾವಣಿಯನ್ನೋ ಹಂಚಿಕೊಂಡಿರುವ ಮನೆಗಳೊಳಗೂ ಧೂಮಪಾನ ಕೂಡದೆಂದು ನಗರಸಭೆಯೇ 2007ರಲ್ಲಿ ಕಟ್ಟಳೆ ಮಾಡಿತು. ನಮ್ಮಲ್ಲಿ ಅಂಥ ಪಾಲಿಕೆ ನಿಯಮವಿಲ್ಲದಿರುವುದರಿಂದ ಆ ಹೊಣೆ ನಿವಾಸಿಗಳ ಸಂಘದ ಮೇಲೆ ಬೀಳುತ್ತದೆ.

ದೂರು ಕೊಡುವ ಮೊದಲು ಹೊಗೆ ಬರುವ ದಾರಿಯನ್ನು ಪತ್ತೆಹಚ್ಚಿ. ಬಚ್ಚಲುಮನೆಯ ಡಕ್ಟ್, ಯುಟಿಲಿಟಿಯ ಕಿಟಕಿ, ಅಡುಗೆಮನೆಯ ಎಕ್ಸಾಸ್ಟ್, ಕೆಳಗಿನ ಬಾಲ್ಕನಿ, ಮುಂಬಾಗಿಲಿನ ಸಂದು ಇವುಗಳಲ್ಲಿ ಯಾವುದರಿಂದ, ಯಾವ ಹೊತ್ತಿನಲ್ಲಿ ಬರುತ್ತಿದೆ ಎಂದು ಕೆಲವು ವಾರ ದಿನಾಂಕ ಸಹಿತ ಬರೆದಿಡಿ. ಡಕ್ಟಿನ ಮೂಲಕ ಬರುವುದಾದರೆ ಸಂದುಗಳನ್ನು ಮುಚ್ಚಿಸಿ, ಫ್ಯಾನಿಗೆ ಹಿಮ್ಮುಖ ಗಾಳಿ ತಡೆಯುವ ಮುಚ್ಚಳ ಹಾಕಿಸಿದರೆ ತೊಂದರೆ ತಗ್ಗಬಹುದು, ಪೂರ್ತಿ ನಿಲ್ಲದು. ಆ ಮನೆಯವರೊಂದಿಗೆ ಒಮ್ಮೆ ಸಮಾಧಾನದಿಂದ ಮಾತನಾಡುವುದನ್ನಂತೂ ಬಿಡಬೇಡಿ. ತಮ್ಮ ಹೊಗೆ ಎಲ್ಲಿಗೆ ಹೋಗುತ್ತಿದೆ ಎಂಬುದು ಎಷ್ಟೋ ಜನರಿಗೆ ತಿಳಿದೇ ಇರುವುದಿಲ್ಲ.

ಮಾತಿನಿಂದ ಬಗೆಹರಿಯದಿದ್ದರೆ ಬೈಲಾದ, ಅಂದರೆ ಸಂಘದ ನಿಯಮಾವಳಿಯ, ಪ್ರತಿಯನ್ನು ತೆಗೆಸಿ ಓದಿ. ಸಂಘವು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದೆಯೋ ಎಂಬುದನ್ನು ಅವಲಂಬಿಸಿ ತಿದ್ದುಪಡಿಯ ವಿಧಾನ ಬೇರೆಯಾಗುತ್ತದೆ. ಎಷ್ಟು ಬಹುಮತ ಬೇಕು, ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ತಿದ್ದುಪಡಿಯನ್ನು ಎಲ್ಲಿ ಸಲ್ಲಿಸಬೇಕು ಎಂಬುದನ್ನು ಬೈಲಾದಲ್ಲೇ ನೋಡಿ ಅದರಂತೆಯೇ ನಡೆಯಿರಿ. ಸಾಮೂಹಿಕ ಜಾಗಗಳಿಗೆ ಸಂಬಂಧಿಸಿದ ನಿಯಮಕ್ಕೆ ಸಾಮಾನ್ಯವಾಗಿ ಸರ್ವಸದಸ್ಯರ ಸಭೆಯ ಠರಾವು ಸಾಕಾದೀತು. ಬಾಲ್ಕನಿಯಂಥ ಸ್ವಂತ ಜಾಗದ ಬಳಕೆಯನ್ನು ಕಟ್ಟುಪಾಡಿಗೆ ಒಳಪಡಿಸಬೇಕಾದರೆ ಬೈಲಾಕ್ಕೇ ತಿದ್ದುಪಡಿ ತರುವುದು ಸುರಕ್ಷಿತ. ನೋಟಿಸಿನೊಂದಿಗೆ ನಿಯಮದ ಪೂರ್ಣ ಪಾಠವನ್ನು ಕಳಿಸಬೇಕು, ನಡಾವಳಿಯಲ್ಲಿ ಮತಗಳ ಲೆಕ್ಕ ದಾಖಲಾಗಬೇಕು. ಸರಿಯಾದ ನೋಟಿಸಿಲ್ಲದೆ ಅಂಗೀಕರಿಸಿದ ಒಳ್ಳೆಯ ನಿಯಮವೂ ಮೊದಲ ತಕರಾರಿಗೇ ಬಿದ್ದುಹೋಗಬಹುದು.

ನಿಯಮದ ಮಾತುಗಳು ಹೀಗಿರಬಹುದು: “ಲಾಬಿ, ಕಾರಿಡಾರ್, ಮೆಟ್ಟಿಲು, ಲಿಫ್ಟ್, ಪಾರ್ಕಿಂಗ್, ತಾರಸಿ, ಕ್ಲಬ್‌ಹೌಸ್ ಮತ್ತು ಮಕ್ಕಳ ಆಟದ ಜಾಗದಲ್ಲಿ ಸಿಗರೇಟು, ಬೀಡಿ, ಹುಕ್ಕಾ ಅಥವಾ ಇ-ಸಿಗರೇಟು ಸೇದುವಂತಿಲ್ಲ. ಬೇರೆ ಮನೆಗೆ ಹೊಗೆ ತಲುಪುವಂತೆ ಬಾಲ್ಕನಿ, ಯುಟಿಲಿಟಿ ಅಥವಾ ಡಕ್ಟಿನ ಕಿಟಕಿಯ ಬಳಿ ಸೇದುವಂತಿಲ್ಲ. ಸಿಗರೇಟು ತುಂಡನ್ನು ಹೊರಗೆ ಎಸೆಯುವಂತಿಲ್ಲ.” ಕೊನೆಯ ವಾಕ್ಯ ಚಿಕ್ಕದೆಂದು ಬಿಡಬಾರದು, ಮೇಲಿನಿಂದ ಬಿದ್ದ ಕಿಡಿ ಒಣಗಹಾಕಿದ ಬಟ್ಟೆಗೋ ಪ್ಲಾಸ್ಟಿಕ್ ಹೊದಿಕೆಗೋ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮನೆಯೊಳಗೆ ಎಲ್ಲಿಯೂ ಸೇದಬಾರದೆಂದು ಮೊದಲ ಯತ್ನದಲ್ಲೇ ಬರೆಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಅದು ಸಭೆಯನ್ನು ಎರಡು ಪಾಲು ಮಾಡುತ್ತದೆ, ಜಾರಿಗೆ ತರುವುದೂ ಕಷ್ಟ. ಬದಲಾಗಿ ಕಿಟಕಿ, ಆಟದ ಜಾಗ, ಗ್ಯಾಸ್ ಬ್ಯಾಂಕ್ ಮತ್ತು ಜನರೇಟರ್‌ಗಳಿಂದ ದೂರವಾಗಿ ತೆರೆದ ಜಾಗವೊಂದನ್ನು ಗುರುತಿಸಿ, ಅಲ್ಲಿ ಮರಳು ತುಂಬಿದ ಡಬ್ಬವಿಟ್ಟರೆ ನಿಯಮವನ್ನು ಪಾಲಿಸಲು ಸೇದುವವರಿಗೂ ದಾರಿಯಾಗುತ್ತದೆ.

2008ರ ನಿಯಮಗಳ ಪ್ರಕಾರ ಧೂಮಪಾನ ನಿಷೇಧದ ಫಲಕ ಕನಿಷ್ಠ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರವಿದ್ದು, ಪ್ರತಿ ಪ್ರವೇಶದ್ವಾರ, ಪ್ರತಿ ಮಹಡಿ, ಮೆಟ್ಟಿಲು ಮತ್ತು ಲಿಫ್ಟಿನ ಬಾಗಿಲ ಬಳಿ ಇರಬೇಕು. ಯಾರಿಗೆ ದೂರು ಕೊಡಬೇಕೆಂಬುದನ್ನೂ ಅಲ್ಲೇ ಪ್ರದರ್ಶಿಸಬೇಕು. ಬಾಡಿಗೆದಾರರ ಕರಾರಿನಲ್ಲಿ ಬೈಲಾ ಪಾಲಿಸುವ ಷರತ್ತನ್ನು ಸೇರಿಸುವಂತೆ ಮನೆ ಮಾಲೀಕರಿಗೆ ಪತ್ರ ಬರೆಯಿರಿ.

ಜಾರಿಯ ಭಾರವನ್ನು ಸೆಕ್ಯೂರಿಟಿಯವರ ಹೆಗಲಿಗೆ ಹಾಕಬೇಡಿ. ತನ್ನ ಸಂಬಳ ಕೊಡುವ ಮಾಲೀಕರನ್ನು ತಡೆದು ನಿಲ್ಲಿಸೆಂದು ಕಾವಲುಗಾರನಿಗೆ ಹೇಳುವುದು ಅನ್ಯಾಯ; ಅವರು ಪುಸ್ತಕದಲ್ಲಿ ದಾಖಲಿಸಿದರೆ ಸಾಕು, ಮುಂದಿನದು ಸಮಿತಿಯ ಕೆಲಸ. ಮೊದಲು ಮಾತು, ಬಳಿಕ ಲಿಖಿತ ಎಚ್ಚರಿಕೆ, ಅನಂತರ ಬೈಲಾದಲ್ಲಿ ಅವಕಾಶವಿದ್ದರೆ ಮಾತ್ರ ದಂಡ. ಕೋಟ್ಪಾದಡಿಯ 1,000 ರೂಪಾಯಿಯನ್ನು ಅಧಿಕಾರ ಪಡೆದ ಅಧಿಕಾರಿಗಳಷ್ಟೇ ವಸೂಲಿ ಮಾಡಬಹುದು, ಸಂಘಕ್ಕೆ ಆ ಹಕ್ಕಿಲ್ಲ. ನೀರು, ವಿದ್ಯುತ್ ಕಡಿತಗೊಳಿಸುವುದು, ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕುವುದು ಸಂಘವನ್ನೇ ತಪ್ಪಿತಸ್ಥನ ಸ್ಥಾನಕ್ಕೆ ತರುತ್ತದೆ. ಯಾವುದಕ್ಕೂ ಜಗ್ಗದಿದ್ದಾಗ ಉಪದ್ರವದ ಆಧಾರದ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬಹುದು. ನೀವು ಬರೆದಿಟ್ಟ ದಿನಾಂಕಗಳೂ ಸಂಘದ ಪತ್ರಗಳೂ ಆಗ ಸಾಕ್ಷ್ಯವಾಗುತ್ತವೆ.

ಸಂಘದ ಪ್ರತಿಯೊಂದು ನೋಟಿಸಿನ ಕೆಳಗೂ ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356 ಅನ್ನು ದಯವಿಟ್ಟು ಮುದ್ರಿಸಿ.