ಆಫೀಸಿಗೆ ಬ್ರಾಡ್‌ಬ್ಯಾಂಡ್ ಹಾಕಿಸುವ ಮುನ್ನ ಅಪ್‌ಲೋಡ್ ಲೆಕ್ಕ ಹಾಕಿ

ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಆಫೀಸೊಂದರಲ್ಲಿ ಸಂಜೆ ಆರಕ್ಕೆ ಬ್ಯಾಕಪ್ ಕಳಿಸಲು ಹಚ್ಚಿದರೆ ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ. ಬಂದ ಫೈಲ್‌ಗಳು ಮಾತ್ರ ಸರಾಗವಾಗಿ ಇಳಿಯುತ್ತಿದ್ದವು. ವ್ಯಾಪಾರಸ್ಥರಿಗೆ ಬೇಕಾದ್ದು ಒಳಗೆ ಬರುವ ವೇಗ ಒಂದೇ ಅಲ್ಲ, ಹೊರಗೆ ಹೋಗುವ ವೇಗವೂ ಹೌದು.

ಮೊದಲು ಪೆನ್ನು ಹಿಡಿಯಿರಿ. ದಿನಕ್ಕೆ ಎಷ್ಟು ಡೇಟಾ ಕಳಿಸುತ್ತೀರಿ? 2 ಜಿಬಿ ಎಂದುಕೊಳ್ಳೋಣ. ಒಂದು ಬೈಟ್‌ಗೆ 8 ಬಿಟ್, ಅಂದರೆ ಸುಮಾರು 16,000 ಮೆಗಾಬಿಟ್. ಅಪ್‌ಲೋಡ್ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ಇದ್ದರೆ ನಾಲ್ಕೂವರೆ ಗಂಟೆ ಹಿಡಿಯುತ್ತದೆ, 20 ಇದ್ದರೆ ಹದಿನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಕ್ಯಾಮೆರಾ ದೃಶ್ಯ, ವಿಡಿಯೊ ಕರೆಗಳನ್ನೂ ಈ ಲೆಕ್ಕಕ್ಕೆ ಸೇರಿಸಿ.

ಎರಡನೆಯದು, ಬರುವ ತಂತಿ ಯಾವುದೆಂದು ನೋಡಿ. ಹಳೆಯ ಟೆಲಿಫೋನ್ ತಾಮ್ರದ ಜೋಡಿಯಲ್ಲಿ ಮಾತಿಗೆ ಬೇಕಾದ್ದು 300ರಿಂದ 3,400 ಹರ್ಟ್ಜ್ ಮಾತ್ರ. ಅದರ ಮೇಲೆ ಖಾಲಿ ಇರುವ ಜಾಗವನ್ನು ಎಡಿಎಸ್‌ಎಲ್, ಅಂದರೆ ಫೋನ್ ತಂತಿಯ ಮೇಲೇ ಇಂಟರ್‌ನೆಟ್ ಕೊಡುವ ವಿಧಾನ, ಬಳಸುತ್ತದೆ. ಆದರೆ ಸುಮಾರು 25ರಿಂದ 138 ಕಿಲೋಹರ್ಟ್ಜ್‌ವರೆಗಿನ ಕಿರಿದಾದ ಪಟ್ಟಿ ಮಾತ್ರ ಅಪ್‌ಲೋಡ್‌ಗೆ. ಅಲ್ಲಿಂದ 1,104ರವರೆಗೆ ಡೌನ್‌ಲೋಡ್‌ಗೆ. ಮನೆಬಳಕೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಹಂಚಿಕೆ ಅದು. ಟೆಲಿಫೋನ್ ಎಕ್ಸ್‌ಚೇಂಜ್ ದೂರವಾದಷ್ಟೂ ವೇಗ ಕುಸಿಯುತ್ತದೆ.

ಇನ್ನೂ ತಾಮ್ರದ ಮೇಲೇ ಇದ್ದೀರಾದರೆ ಸುಲಭದ ಪರೀಕ್ಷೆಯೊಂದಿದೆ. ರಿಸೀವರ್ ಎತ್ತಿ, ಒಂದೇ ಅಂಕಿ ಒತ್ತಿ ಸುಮ್ಮನೆ ಕಿವಿಗೊಡಿ. ಡಯಲ್ ಟೋನ್ ನಿಂತ ಮೇಲೆ ಕರಕರ ಕೇಳಿದರೆ ಎಲ್ಲೋ ಜಾಯಿಂಟ್ ಕಿಲುಬು ಹಿಡಿದಿರಬಹುದು. ಮೋಡೆಮ್ ಬದಲಿಸುವ ಮೊದಲು ಆ ಜಾಯಿಂಟ್ ಬಿಚ್ಚಿಸಿ ಹೊಸದಾಗಿ ಕಟ್ಟಿಸಿ. ಪ್ರತಿ ಫೋನಿನ ಹಿಂದೆಯೂ ಮಾತನ್ನೂ ಡೇಟಾವನ್ನೂ ಬೇರ್ಪಡಿಸುವ ಫಿಲ್ಟರ್ ಇರಲೇಬೇಕು.

ಫೈಬರ್ ಸಿಗುವ ಕಡೆ ಅದನ್ನೇ ಹಾಕಿಸಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಸಾಮಾನ್ಯ ಫೈಬರ್ ಕನೆಕ್ಷನ್ ಹಂಚಿಕೊಂಡ ದಾರಿ: ಒಂದೇ ಫೈಬರನ್ನು ಕವಲೊಡೆಸಿ ಹಲವರಿಗೆ ಕೊಡುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ವೇಗವನ್ನು 32 ಅಥವಾ 64 ಗ್ರಾಹಕರು ಹಂಚಿಕೊಳ್ಳುವುದುಂಟು. ಬೇರೆ ಊರಿನ ಶಾಖೆಗಳು ನಿಮ್ಮ ಸರ್ವರ್ ಮೇಲೇ ದಿನವಿಡೀ ಕೆಲಸ ಮಾಡುವುದಾದರೆ ಲೀಸ್ಡ್ ಲೈನ್ ಕೇಳಿ. ಹಣ ಹಲವು ಪಟ್ಟು ಹೆಚ್ಚು, ಆದರೆ ಎರಡೂ ದಿಕ್ಕಿಗೆ ಸಮ ವೇಗ, ಪೂರ್ತಿ ನಿಮಗೇ.

ಸಹಿ ಹಾಕುವ ಮುನ್ನ ಬರಹದಲ್ಲಿ ಪಡೆಯಬೇಕಾದ್ದು: ಅಪ್‌ಲೋಡ್ ವೇಗ, ಡೇಟಾ ಮಿತಿ ಮುಗಿದ ಮೇಲಿನ ವೇಗ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಕೊಡುತ್ತಾರೆಯೇ, ಲೈನ್ ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡುತ್ತಾರೆ. ಬಾಯಿಮಾತು ಬೇಡ.

ಜೋಡಿಸುವ ದಿನ ಪಕ್ಕದಲ್ಲೇ ನಿಲ್ಲಿ. ಫೈಬರ್ ಆದರೆ, ಅದರಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ತೋರಿಸಲು ಹೇಳಿ. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 27ರ ಹತ್ತಿರ ಬಂದರೆ ಒಪ್ಪಬೇಡಿ. ಫೈಬರನ್ನು ಬಾಗಿಲ ಸಂದಿಯಲ್ಲಿ ಮಡಚಿ ಎಳೆಯಲು ಬಿಡಬೇಡಿ. ಆಮೇಲೆ ವೈಫೈ ಬಿಟ್ಟು, ಕೇಬಲ್ ಚುಚ್ಚಿ, ಕೆಲಸದ ಭರಾಟೆ ಇರುವ ಹೊತ್ತಿನಲ್ಲಿ ಮೂರು ದಿನ ವೇಗ ಅಳೆದು ಬರೆದಿಡಿ.

ಎರಡನೇ ಕನೆಕ್ಷನ್ ಇಟ್ಟುಕೊಳ್ಳುವುದಾದರೆ ಅದು ಬೇರೆ ದಾರಿಯಿಂದ ಬರಲಿ. ಎರಡೂ ಒಂದೇ ಕಂಬದಿಂದ ಇಳಿದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಹಳೆಯ ತಂತಿ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಹಾಗಾಗಿ ಕರೆಂಟ್ ಹೋದರೂ ಅದು ನಡೆಯುತ್ತಿತ್ತು. ಫೈಬರ್ ಪೆಟ್ಟಿಗೆಗೆ ಆ ಆಸರೆ ಇಲ್ಲ. ಅದಕ್ಕೂ ರೌಟರಿಗೂ ಸೇರಿ ಒಂದು ಪುಟ್ಟ ಯುಪಿಎಸ್ ಅವತ್ತೇ ಇಡಿಸಿ.